ಕೆಂಪು ಚೀಟಿಯ ಸೀರೆಗಳು

ಮುಂಬಯಿಯಲ್ಲಿ ಸಂಸಾರ ಹೂಡಿದ ಮೊದಲ ವಾರದಲ್ಲೇ ನನಗೆ ಮನದಟ್ಟಾದ ಒಂದು ಸತ್ಯವೆಂದರೆ, ನಮ್ಮ ಮನೆ ನನ್ನ ಹೆಂಡತಿಯ ಸೀರೆಗಿಂತ ಚಿಕ್ಕದು ಎಂಬುದು. ಇದು ಕವಿಸಮಯವಲ್ಲ, ಅಳತೆಪಟ್ಟಿ ಹಿಡಿದು ಖಚಿತಪಡಿಸಿಕೊಂಡ ವಿಷಯ. ಮಾಟುಂಗದ ಹಳೆಯ ಬಿಲ್ಡಿಂಗೊಂದರ ಎರಡನೆಯ ಮಹಡಿಯಲ್ಲಿ ನಮಗೆ ದಕ್ಕಿದ ಕೋಣೆಯ ಉದ್ದ ಹನ್ನೆರಡು ಅಡಿ. ಸೀರೆಯದು ಆರು ಗಜ, ಅಂದರೆ ಹದಿನೆಂಟು ಅಡಿ. ಹಾಗಾಗಿ ಒಗೆದು ಒಣಗಿಸಿದ ಸೀರೆಯನ್ನು ಮಡಿಸುವ ಹೊತ್ತಿಗೆ ವಿಮಲೆ ಅಡುಗೆಮನೆಯೊಳಗೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ, ನಾನು ಹೊಸಿಲು ದಾಟಿ ಗ್ಯಾಲರಿಗೆ ಹೋಗಿ, ಕಬ್ಬಿಣದ ಕಂಬಿಗೆ ಬೆನ್ನು ತಾಗಿಸಿ, ಇನ್ನೊಂದು ತುದಿಯನ್ನು ಹಿಡಿದುಕೊಂಡು ನಿಲ್ಲುತ್ತೇನೆ. ಆಗ ಗ್ಯಾಲರಿಯಲ್ಲಿ ಹಾದುಹೋಗುವ ನೆರೆಹೊರೆಯವರೆಲ್ಲ, ಹಾಲಿನವನೂ ಸೇರಿದಂತೆ, ನಮ್ಮ ಸೀರೆಯ ಕೆಳಗೆ ತಲೆಬಾಗಿಸಿಯೇ ಮುಂದೆ ಹೋಗಬೇಕು. ಬಿಲ್ಡಿಂಗಿನಲ್ಲಿ ನನಗೆ ಸಲ್ಲುವ ಗೌರವವೆಂದರೆ ಇಷ್ಟೇ, ಅದೂ ಸೀರೆಯ ಕೃಪೆಯಿಂದ.

ಈ ಸಹಕಾರಿ ಉದ್ಯಮದಲ್ಲಿ ಒಂದು ತಾರತಮ್ಯವಿತ್ತು. ಸೆರಗಿನ ತುದಿಯನ್ನು ವಿಮಲೆ ಎಂದೂ ನನ್ನ ಕೈಗೆ ಕೊಟ್ಟವಳಲ್ಲ. ನನ್ನ ಪಾಲಿಗೆ ಬರುತ್ತಿದ್ದುದು ಯಾವಾಗಲೂ ಒಳತುದಿ, ಉಟ್ಟಾಗ ಯಾರ ಕಣ್ಣಿಗೂ ಬೀಳದೆ ಸೊಂಟದಲ್ಲಿ ಅಡಗಿಕೊಳ್ಳುವ ಭಾಗ. ಒಮ್ಮೆ ಈ ಶ್ರಮವಿಭಜನೆಯನ್ನು ನಾನು ಪ್ರಶ್ನಿಸಿದಾಗ, "ಸೆರಗು ಹಿಡಿಯೋಕೆ ಸೀರೆ ಅಂದ್ರೆ ಏನೂಂತ ಗೊತ್ತಿರಬೇಕು" ಎಂದು ಅವಳು ಒಂದೇ ಮಾತಿನಲ್ಲಿ ವಾದವನ್ನು ಮಡಿಸಿಟ್ಟುಬಿಟ್ಟಳು. ನಾನು ಬಿ.ಇ. ಪದವೀಧರ, ನನಗೆ ಗೊತ್ತಿಲ್ಲದ್ದು ಆರು ಗಜ ಬಟ್ಟೆಯಲ್ಲಿ ಏನಿರಲು ಸಾಧ್ಯ ಎಂದು ಒಳಗೊಳಗೇ ಮೂಗು ಮುರಿದೆ. ಆ ಮೂಗಿಗೆ ತಕ್ಕ ಶಾಸ್ತಿಯಾದ ಕಥೆಯನ್ನೇ ಈಗ ನಿಮಗೆ ಹೇಳಹೊರಟಿದ್ದೇನೆ.

ನನ್ನ ಉದ್ಯೋಗದ ಪರಿಚಯ ಮೊದಲು ಆಗಬೇಕು. ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ನಾನು ಗುಣಮಟ್ಟದ ತಪಾಸಕ. ಬೆಳಗಿನ ಹೊತ್ತು ಇಡೀ ಮುಂಬಯಿ ದಕ್ಷಿಣದ ಕಡೆಗೆ ಜೋತಾಡಿಕೊಂಡು ಹೋಗುತ್ತಿದ್ದರೆ, ಮಾಟುಂಗದಿಂದ ವಿಕ್ರೋಳಿಗೆ ಹೋಗುವ ನಾನು ಖಾಲಿ ಲೋಕಲ್ಲಿನಲ್ಲಿ ಕಿಟಕಿಯ ಪಕ್ಕ ಕಾಲು ಚಾಚಿ ಕೂತು ಪತ್ರಿಕೆ ಓದುವ ಭಾಗ್ಯವಂತ. ಕಾರ್ಖಾನೆಯಲ್ಲಿ ನನ್ನ ಕೆಲಸ ಬೋಲ್ಟು, ವಾಷರ್, ಬುಶ್ಶುಗಳನ್ನು ಅಳೆದು ನೋಡುವುದು. ಸರಿಯಿದ್ದರೆ ಹಸಿರು ಚೀಟಿ, ದೋಷವಿದ್ದರೆ ಕೆಂಪು ಚೀಟಿ. ಕೆಂಪು ಚೀಟಿಯ ಮೇಲೆ ದೋಷದ ವಿವರ ಬರೆದು, ಸಹಿ ಹಾಕಿ, ದಾರದಲ್ಲಿ ಕಟ್ಟಬೇಕು. ಕೂದಲೆಳೆಯ ವ್ಯತ್ಯಾಸವನ್ನೂ ಪತ್ತೆಹಚ್ಚುವವನೆಂಬ ಖ್ಯಾತಿ ನನಗಿತ್ತು. ನಾನು ಶೆಡ್ಡಿನೊಳಗೆ ಕಾಲಿಟ್ಟರೆ ಯಂತ್ರಗಳ ಮುಂದಿನ ಕೆಲಸಗಾರರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಇಂಥ ಕೆಲಸವನ್ನು ಹತ್ತು ವರ್ಷ ಮಾಡಿದವನಿಗೆ ಆಗುವ ಅನಾಹುತವೆಂದರೆ, ಕಾರ್ಖಾನೆಯ ಗೇಟು ದಾಟಿದ ಮೇಲೂ ಕಣ್ಣು ದೋಷವನ್ನೇ ಹುಡುಕುತ್ತದೆ. ಇಡ್ಲಿ ಒಂದಕ್ಕಿಂತ ಒಂದು ದಪ್ಪವಾಗಿದೆಯೆಂದು ನಾನು ಹೇಳಿದ ದಿನ ನನಗೆ ತಿಂಡಿಯೇ ಸಿಗಲಿಲ್ಲ.

ನಮ್ಮ ಕನ್ನಡ ಸಂಘಕ್ಕೆ ಇಪ್ಪತ್ತೈದು ತುಂಬಿದಾಗ ನನ್ನ ಈ ಖ್ಯಾತಿ ನನಗೇ ಮುಳುವಾಯಿತು. ಆಗ ಎಂಬತ್ತರ ದಶಕದ ನಡುಭಾಗ. ಬೆಳ್ಳಿಹಬ್ಬದಂದು ಮಹಿಳಾ ವಿಭಾಗದ ಐವತ್ತು ಮಂದಿ ಒಂದೇ ಬಗೆಯ ಸೀರೆ ಉಟ್ಟು ನಾಡಗೀತೆ ಹಾಡುವುದೆಂದು ತೀರ್ಮಾನವಾಗಿತ್ತು. ಇಳಕಲ್ ಸೀರೆಯೇ ಆಗಬೇಕೆಂಬುದರಲ್ಲಿ ಎಲ್ಲರೂ ಒಮ್ಮತದಿಂದಿದ್ದರು. ಯಾರಿಂದ ಕೊಳ್ಳಬೇಕೆಂಬುದರಲ್ಲಿ ಮಾತ್ರ ಎರಡು ಪಕ್ಷ. ಒಂದು ಕಡೆ ಬಟ್ಟೆ ಮಾರುಕಟ್ಟೆಯ ಒಬ್ಬ ಸಗಟು ವ್ಯಾಪಾರಿ, ಇನ್ನೊಂದು ಕಡೆ ಇಳಕಲ್ಲಿನಿಂದಲೇ ಸೀರೆ ಹೊತ್ತು ತಂದ ಸಂಗಪ್ಪ ಎಂಬ ನೇಕಾರ. ಸಂಘದ ಕಾರ್ಯದರ್ಶಿ ಉಪಾಧ್ಯರು ಉಡುಪಿಯ ಕಡೆಯವರು, ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುವವರು, ಯಾವ ಜಗಳವನ್ನೂ ಕಾಫಿಯಲ್ಲಿ ಮುಗಿಸುವವರು. ಅವರು ನನ್ನ ಮುಂದೆ ಕಾಫಿ ಇಟ್ಟು, "ಮಾರಾಯ್ರೆ, ನಿಮಗೆ ಕಬ್ಬಿಣದ್ದೇ ತಪ್ಪು ಕಾಣ್ತದೆ, ಬಟ್ಟೆದು ಕಾಣುದಿಲ್ವಾ? ಎರಡೂ ಕಡೆಯ ಹತ್ತತ್ತು ಸೀರೆ ಮನೆಗೆ ಕಳಿಸ್ತೇನೆ. ನೀವು ನೋಡಿ ಹೇಳಿದ್ದೇ ಫೈನಲ್" ಎಂದರು. ಹೊಗಳಿಕೆಗೆ ಕರಗದ ಲೋಹ ಇನ್ನೂ ಹುಟ್ಟಿಲ್ಲ. ನಾನಂತೂ ಕೂಡಲೇ ಕರಗಿದೆ.

ಸಂಗಪ್ಪನ ವಿಷಯ ಉಪಾಧ್ಯರಿಂದಲೇ ತಿಳಿದದ್ದು. ಅವನು ಮುಂಬಯಿಗೆ ಹೊಸಬನಲ್ಲ. ಪರೇಲಿನ ಒಂದು ಗಿರಣಿಯ ಸಾಂಚಾ ಖಾತೆಯಲ್ಲಿ, ಅಂದರೆ ಮಗ್ಗಗಳ ವಿಭಾಗದಲ್ಲಿ, ತಮ್ಮ ಬಸವರಾಜನ ಜೊತೆ ಹನ್ನೆರಡು ವರ್ಷ ದುಡಿದವನು. ಆಗೆಲ್ಲ ಭಾನುವಾರಕ್ಕೊಮ್ಮೆ ಅಣ್ಣತಮ್ಮಂದಿರು ಮಾಟುಂಗಕ್ಕೆ ಬಂದು ಉಪಾಧ್ಯರ ಹೋಟೆಲಿನಲ್ಲಿ ಊಟ ಮಾಡಿ, ಕನ್ನಡ ಮಾತಾಡಿ ಹೋಗುತ್ತಿದ್ದರಂತೆ. ಗಿರಣಿಗಳ ಆ ದೊಡ್ಡ ಮುಷ್ಕರ ಬಂತು, ತಿಂಗಳುಗಳು ಉರುಳಿದವು, ಮುಷ್ಕರ ಮುಗಿಯಿತೆಂದು ಯಾರೂ ಹೇಳಲಿಲ್ಲ, ಶಿಫ್ಟಿಗೆ ಕರೆಯುವ ಗಿರಣಿಯ ಭೋಂಗಾ ಮಾತ್ರ ಮತ್ತೆ ಕೂಗಲಿಲ್ಲ. ಸಂಗಪ್ಪ ಊರಿಗೆ ಹೋದ. ಅಲ್ಲಿ ಅಪ್ಪನ ಕಾಲದ ಕುಣಿಮಗ್ಗವಿತ್ತು. ನೇಕಾರ ನೆಲದೊಳಗಿನ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಮಗ್ಗ. ಮಕ್ಕಳು ಮುಂಬಯಿ ಸೇರಿದ ಮೇಲೆ ತಾಯಿ ಆ ಗುಂಡಿಗೆ ಉಳ್ಳಾಗಡ್ಡಿ ತುಂಬಿಸಿ ಹಲಗೆ ಮುಚ್ಚಿಟ್ಟಿದ್ದಳು. ಸಂಗಪ್ಪ ಉಳ್ಳಾಗಡ್ಡಿ ಖಾಲಿ ಮಾಡಿ ಗುಂಡಿಗಿಳಿದ. ಅವನ ಮಗ್ಗದ ಸಪ್ಪಳ ಕೇಳಿ ಓಣಿಯ ಇನ್ನೂ ಆರು ಮನೆಯವರು ತಮ್ಮ ಗುಂಡಿಗಳ ಹಲಗೆ ತೆಗೆದರು. ಹೀಗೆ ಏಳು ಮಗ್ಗವಾದವು.

ಆದರೆ ತಮ್ಮ ಬರಲಿಲ್ಲ. ಬಸವರಾಜ ಪರೇಲಿನ ಚಾಳಿನಲ್ಲೇ ಉಳಿದಿದ್ದ. ಪ್ರತಿದಿನ ಬೆಳಿಗ್ಗೆ ಶಿಫ್ಟಿನ ಹೊತ್ತಿಗೆ ಸರಿಯಾಗಿ ಸ್ನಾನ ಮಾಡಿ, ಅಂಗಿ ಹಾಕಿ, ಬೀಗ ಜಡಿದ ಗಿರಣಿಯ ಗೇಟಿನ ತನಕ ಹೋಗಿ ನಿಂತು ಬರುತ್ತಿದ್ದ. ಇಂದೋ ನಾಳೆಯೋ ತೆರೆದೀತು, ತೆರೆದಾಗ ತಾನಿಲ್ಲದಿದ್ದರೆ ಕೆಲಸ ಇನ್ನೊಬ್ಬನ ಪಾಲಾದೀತು ಎಂದು ಅವನ ಭಯ. ಮೂರು ವರ್ಷದಿಂದ ಹೀಗೆಯೇ ನಡೆದಿತ್ತು. ಊರಿಗೆ ಬಾ ಎಂದರೆ, ಏಳು ಮಗ್ಗದ ಸೀರೆಯನ್ನೇ ಕೊಳ್ಳುವವರಿಲ್ಲದಿರುವಾಗ ಎಂಟನೆಯದು ಯಾಕೆ ಎಂದು ಕೇಳುತ್ತಿದ್ದ. ಸಂಘದ ಐವತ್ತು ಸೀರೆಗಳ ಆರ್ಡರ್ ಸಿಕ್ಕರೆ ಅದನ್ನು ತಮ್ಮನ ಮುಂದೆ ಹಿಡಿದು, ಬರುವ ಯುಗಾದಿಯ ತನಕ ಕೆಲಸವಿದೆ, ನಡೆ ಎಂದು ಕರೆದುಕೊಂಡು ಹೋಗಬೇಕೆಂಬುದು ಸಂಗಪ್ಪನ ಆಸೆ. ಇಷ್ಟನ್ನೂ ಉಪಾಧ್ಯರು ನನಗೆ ಮೊದಲೇ ಹೇಳಿದ್ದರು. ತಪಾಸಕನಾದವನು ಇಂಥವನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದು ನಾನು ಗಂಭೀರವಾಗಿ ತಲೆ ಅಲ್ಲಾಡಿಸಿದ್ದೆ.

ಶನಿವಾರ ಮಧ್ಯಾಹ್ನ ತಪಾಸಣೆ ಶುರುವಾಯಿತು. ಕಾರ್ಖಾನೆಯಿಂದ ಭೂತಗನ್ನಡಿ, ಉಕ್ಕಿನ ಸ್ಕೇಲು ಮತ್ತು ಎರಡು ಬಣ್ಣದ ಚೀಟಿಗಳನ್ನು ತಂದಿದ್ದೆ. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ತೋಳು ಮಡಚಿ ಕೂತ ನನ್ನನ್ನು ಕಂಡರೆ ಶಸ್ತ್ರಚಿಕಿತ್ಸೆಗೆ ಸಿದ್ಧನಾದ ವೈದ್ಯನೆಂದು ಯಾರಾದರೂ ಭಾವಿಸಬೇಕಿತ್ತು. ವ್ಯಾಪಾರಿಯ ಹತ್ತು ಸೀರೆಗಳು ಅಚ್ಚುಕಟ್ಟಾಗಿದ್ದವು. ಹತ್ತರ ಅಗಲವೂ ಒಂದೇ, ಅಂಚು ಗೆರೆ ಎಳೆದಂತೆ ನೇರ, ಎಲ್ಲಿಯೂ ಒಂದು ಗಂಟಿಲ್ಲ. ಹತ್ತಕ್ಕೆ ಹತ್ತೂ ಹಸಿರು ಚೀಟಿ. ಅನಂತರ ಸಂಗಪ್ಪನ ಗಂಟು ಬಿಚ್ಚಿದೆ. ಮೊದಲ ಸೀರೆಯಲ್ಲೇ ನನ್ನ ಎದೆ ಹಿಗ್ಗಿತು, ಏಕೆಂದರೆ ದೋಷಗಳ ಸುಗ್ಗಿಯೇ ಅಲ್ಲಿತ್ತು. ಎರಡೂ ಅಂಚಿನಲ್ಲಿ ಸೂಜಿಯಿಂದ ಚುಚ್ಚಿದಂಥ ಸಣ್ಣ ತೂತುಗಳು, ಎರಡು ಬೆರಳಿಗೊಂದರಂತೆ, ಸೀರೆಯ ಉದ್ದಕ್ಕೂ. ಅಗಲ ಒಂದು ಕಡೆಗಿಂತ ಇನ್ನೊಂದು ಕಡೆ ಗೋಧಿಕಾಳಿನಷ್ಟು ಹೆಚ್ಚು. ಎಲ್ಲಕ್ಕಿಂತ ಗುರುತರವಾದದ್ದು, ಸೆರಗು ಮತ್ತು ಒಡಲು ಸೇರುವಲ್ಲಿ ಅಡ್ಡಕ್ಕೆ ಓಡಿದ ಒಂದು ತೆಳುವಾದ ಏಣು. ಭೂತಗನ್ನಡಿಯಲ್ಲಿ ನೋಡಿದರೆ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಒಂದರೊಳಗೊಂದು ಸಿಕ್ಕಿಸಿ ಕೂಡಿಸಿದ್ದಾರೆ. ಅಂದರೆ ಎರಡು ತುಂಡುಗಳನ್ನು ಸೇರಿಸಿ ಒಂದು ಸೀರೆಯೆಂದು ಮಾರಲು ಹೊರಟಿದ್ದಾರೆ ಎಂದು ನಾನು ತೀರ್ಪಿಗೆ ಬಂದೆ. ಇಂಥದನ್ನು ಬರಿಗಣ್ಣಿಗೆ ಕಾಣದಂತೆ ಮಾಡಿದ ಕೈಚಳಕಕ್ಕೆ ಮನಸ್ಸಿನಲ್ಲೇ ಛೀಮಾರಿ ಹಾಕಿದೆ.

ಕಾಫಿ ತಂದಿಟ್ಟ ವಿಮಲೆ ಸ್ವಲ್ಪ ಹೊತ್ತು ನಿಂತು ನೋಡಿದಳು. ಸಂಗಪ್ಪನ ಸೀರೆಯೊಂದರ ಸೆರಗನ್ನು ಹೆಬ್ಬೆರಳಿನಿಂದ ಸವರಿ, "ಇದನ್ನ ಉಡಬೇಕು ಅನ್ಸತ್ತೆ, ಅವನ್ನ ನೋಡಿದ್ರೆ ಪ್ಯಾಕ್ ಮಾಡಿ ಇಡಬೇಕು ಅನ್ಸತ್ತೆ" ಎಂದಳು. ಇದು ಅನಿಸಿಕೆಯ ವಿಷಯವಲ್ಲ, ತಾಂತ್ರಿಕ ವಿಷಯ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಹತ್ತೂ ಸೀರೆಗಳ ಕೆಂಪು ಚೀಟಿಗಳ ಮೇಲೆ ದುಂಡು ಅಕ್ಷರದಲ್ಲಿ ಬರೆದೆ: ಅಂಚಿನಲ್ಲಿ ತೂತುಗಳು, ಅಗಲದಲ್ಲಿ ವ್ಯತ್ಯಾಸ, ಸೆರಗನ್ನು ಜೋಡಿಸಲಾಗಿದೆ. ಕೆಳಗೆ ಸಹಿ. ಆ ಸಂಜೆಯೇ ವರದಿಯನ್ನು ಉಪಾಧ್ಯರಿಗೆ ತಲುಪಿಸಿದೆ. ಅವರು ವ್ಯಾಪಾರಿಗೆ ಫೋನು ಮಾಡಿ ಮಾತು ಕೊಟ್ಟೂಬಿಟ್ಟರು.

ಮರುದಿನ ಭಾನುವಾರ ಬೆಳಿಗ್ಗೆ ಸಂಗಪ್ಪ ತನ್ನ ಸೀರೆಗಳನ್ನು ಒಯ್ಯಲು ನಮ್ಮ ಮನೆಗೇ ಬಂದ. ನಲವತ್ತರ ಗಡಿ ದಾಟಿದ, ಒಣಕಲು ಮೈಯ, ಮೆಲುಮಾತಿನ ಮನುಷ್ಯ. ಸೀರೆಗಳು ನಾನು ಬಿಡಿಸಿದಂತೆಯೇ ಮಂಚದ ಮೇಲೆ ರಾಶಿ ಬಿದ್ದಿದ್ದವು. ಪ್ರತಿಯೊಂದರಿಂದಲೂ ಕೆಂಪು ಚೀಟಿ ಜೋತಾಡುತ್ತಿತ್ತು. ಅವನು ಒಂದು ಚೀಟಿಯನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಓದಿದ. ಜಗಳಕ್ಕೆ ಬರುತ್ತಾನೆಂದು ನಾನು ಉತ್ತರಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಅವನು ಮಾತ್ರ ಸೀರೆಯ ಸೆರಗನ್ನು ಹಿಡಿದು, "ಸಾಹೇಬ್ರ, ಒಂದ್ ತುದಿ ಹಿಡೀತೀರೇನ್ರಿ? ಒಬ್ಬಾವಗ ಮಡಚಾಕ ಬರೂದಿಲ್ಲ" ಎಂದ. ಹೊಸಿಲು ದಾಟಿ ಗ್ಯಾಲರಿಗೆ ಹೋಗಿ ಒಳತುದಿ ಹಿಡಿದು ನಿಲ್ಲುವುದು ನನಗೆ ರೂಢಿಯಾಗಿದ್ದ ಕೆಲಸ. ಯಾಂತ್ರಿಕವಾಗಿ ಹೋಗಿ ನಿಂತೆ. ಅಡುಗೆಮನೆಯ ಬಾಗಿಲಲ್ಲಿ ಅವನು, ಕಂಬಿಯ ಬಳಿ ನಾನು, ನಡುವೆ ಅವನ ಹದಿನೆಂಟು ಅಡಿ.

"ಹೆಬ್ಬಟ್ಟು ಅಂಚಿನ ಮ್ಯಾಲ ಇಡ್ರಿ" ಎಂದ ಸಂಗಪ್ಪ. "ಆ ತೂತು ಸಿಕ್ಕಾವಿಲ್ರಿ? ನೇಯೂ ಮುಂದ ಅರಿವಿ ಕುಗ್ಗಬಾರದಂತ ಅಗಲಕ್ಕ ಒಂದು ಮುಳ್ಳಿನ ಕಡ್ಡಿ ಚುಚ್ಚಿ ಬಿಗಿ ಮಾಡಿರ್ತೀವ್ರಿ. ಎರಡು ಬಟ್ಟು ನೇಯ್ದ ಮ್ಯಾಲ ಕೈ ನಿಂದ್ರಿಸಿ, ಕಡ್ಡಿ ಕಿತ್ತು, ಮುಂದ ಚುಚ್ಚೂದು. ಗಿರಣ್ಯಾಗ ಅದಕ್ಕ ಉರುಳಿ ಇರ್ತೈತಿ, ಅದು ತಾನ ತಿರುಗತೈತಿ, ಹಿಂಗ ಗುರುತು ಬಿಡೂದಿಲ್ಲ. ಇಲ್ಲಿ ಒಂದೊಂದು ತೂತೂ ಕೈ ನಿಂತ ಜಾಗಾ ಅದ ನೋಡ್ರಿ."

ಅವನ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ, ದಾರಿ ಕೇಳಿದವರಿಗೆ ದಾರಿ ತೋರಿಸುವ ಸಮಾಧಾನವಿತ್ತು. ಮಡಿಕೆ ಹಾಕುತ್ತ ನಾನು ಹತ್ತಿರ ಬಂದಾಗ ಸೆರಗಿನ ಏಣನ್ನು ತೋರಿಸಿದ. ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು; ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಕೊಂಡಿ, ಅದೂ ಪ್ರತಿ ಸೀರೆಗೂ ಹೊಸದಾಗಿ. ಅದಕ್ಕೇ ಒಂದು ಹಾಸಿನಲ್ಲಿ ಸಾಲಾಗಿ ಹತ್ತು ಸೀರೆ ಇಳಿಸುವ ಹಾಗಿಲ್ಲ, ಒಂದೊಂದು ಸೀರೆಗೂ ಒಂದೊಂದು ಹಾಸು. "ಈ ಕೊಂಡಿ ನಮ್ಮವ್ವ ಹಾಕ್ಯಾಳ್ರಿ. ಆಕಿಗೆ ಕಣ್ಣು ಅಷ್ಟಕ್ಕಷ್ಟ. ಬೆರಳಿಗೆ ಗೊತ್ತಾಗತೈತಿ" ಎಂದು ಸಂಗಪ್ಪ ನಕ್ಕ.

ಭೂತಗನ್ನಡಿ ಇಟ್ಟುಕೊಂಡು ನಾನು ಕಾಣದ್ದನ್ನು ಕಣ್ಣು ಮಂಜಾದ ಒಬ್ಬ ಮುದುಕಿ ಬೆರಳಿನಲ್ಲಿ ಮಾಡಿದ್ದಳು. ನಾನು ಅದಕ್ಕೆ ಕೆಂಪು ಚೀಟಿ ಕಟ್ಟಿ ಸಹಿ ಹಾಕಿದ್ದೆ. ನನಗೆ ಆ ಕ್ಷಣ ಆದ ನಾಚಿಕೆಯನ್ನು ಸಂಸ್ಕೃತದ ಯಾವ ದೊಡ್ಡ ಪದದಿಂದಲೂ ಮುಚ್ಚಲಾರೆ. ವಿಮಲೆ ಸಂಗಪ್ಪನ ಮುಂದೆ ಅವಲಕ್ಕಿಯ ತಟ್ಟೆ ಇಟ್ಟಳು, ನನ್ನ ಮುಂದೆ ನನ್ನ ಚಪ್ಪಲಿ ಇಟ್ಟಳು. ಉಪಾಧ್ಯರ ಹೋಟೆಲಿಗೆ ಹೊರಡು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿರಲಿಲ್ಲ.

ಉಪಾಧ್ಯರು ನನ್ನ ತಪ್ಪೊಪ್ಪಿಗೆಯನ್ನು ಪೂರ್ತಿ ಕೇಳಿ, ಈ ಸಲ ಕಾಫಿ ಕೊಡಲಿಲ್ಲ. "ಮಾತು ಕೊಟ್ಟಾಗಿದೆ ಮಾರಾಯ್ರೆ. ಅವನೂ ವ್ಯಾಪಾರಸ್ಥ, ನಾನೂ ವ್ಯಾಪಾರಸ್ಥ. ಹಿಂದೆ ತೆಗೀಲಿಕ್ಕೆ ಆಗುದಿಲ್ಲ" ಎಂದರು. ನಾನು ಎದ್ದು ಹೊರಟಾಗ ಮತ್ತೆ ಕರೆದು, "ಇವತ್ತು ಸಂಜೆ ಸಂಘದ ಹಾಲ್ ಖಾಲಿ ಉಂಟು. ಹೆಂಗಸರೆಲ್ಲ ಹಾಡು ಪ್ರಾಕ್ಟೀಸಿಗೆ ಬರ್ತಾರೆ. ನಿಮ್ಮ ಬಾಯಿಯಿಂದ ಹಾಳಾದದ್ದು ನಿಮ್ಮ ಬಾಯಿಯಿಂದಲೇ ಸರಿಯಾಗ್ತದಾ ನೋಡಿ" ಎಂದರು. ಸಂಗಪ್ಪ ಮರುದಿನ ಊರಿಗೆ ಹೊರಡುವವನು. ಅಂದರೆ ನನಗಿದ್ದುದು ಒಂದು ಸಂಜೆ ಮಾತ್ರ.

ಸಭಾಕಂಪದ ವಿಷಯದಲ್ಲಿ ನಾನು ಯಾವ ಗುಣಮಟ್ಟಕ್ಕೂ ಕಡಿಮೆಯವನಲ್ಲ. ಮನೆಯಿಂದ ಹೊರಡುವ ಮೊದಲು ಆ ಕೆಂಪು ಚೀಟಿಗಳನ್ನು ಗುಟ್ಟಾಗಿ ಕಿತ್ತುಹಾಕಲು ಕತ್ತರಿ ಹುಡುಕುತ್ತಿದ್ದೆ. "ಬೇಡ, ಇರಲಿ. ಬರೆದೋರು ನೀವೇ ತಾನೆ, ನೀವೇ ಓದಿ" ಎಂದು ವಿಮಲೆ ಕತ್ತರಿಯನ್ನು ಕಸಿದುಕೊಂಡಳು. ಹೀಗೆ ಆ ಸಂಜೆ, ಹಾರ್ಮೋನಿಯಂ ಪಕ್ಕಕ್ಕೆ ಸರಿಸಿ ಕೂತ ನಲವತ್ತು ಐವತ್ತು ಮಹಿಳೆಯರ ಎದುರು ನಿಂತು ನಾನು ನನ್ನದೇ ಚೀಟಿಗಳನ್ನು ಗಟ್ಟಿಯಾಗಿ ಓದಿದೆ. ಅಂಚಿನಲ್ಲಿ ತೂತುಗಳು ಎಂದು ನಾನು ಓದುವುದು. ಅದು ಕೈ ನಿಂತ ಜಾಗ ಎಂದು ಸಂಗಪ್ಪ ವಿವರಿಸುವುದು. ಸೆರಗನ್ನು ಜೋಡಿಸಲಾಗಿದೆ ಎಂದು ನಾನು. ಜೋಡಿಸಿದ್ದು ಅವ್ವ ಎಂದು ಅವನು. ಮೊದಲು ನಗೆ ಎದ್ದಿತು, ಅದು ನನ್ನ ಪಾಲಿನದು, ನ್ಯಾಯವಾಗಿ ಸ್ವೀಕರಿಸಿದೆ. ಆಮೇಲೆ ನಗೆ ನಿಂತು, ಒಬ್ಬೊಬ್ಬರೇ ಎದ್ದು ಬಂದು ಅಂಚಿನ ಮೇಲೆ ಹೆಬ್ಬೆರಳಿಡತೊಡಗಿದರು. ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರು ಕೊಂಡಿಯ ಏಣನ್ನು ಸವರುತ್ತ, "ನನ್ನ ಮದಿವ್ಯಾಗ ಉಟ್ಟಿದ್ದು ಇಂಥಾದ್ದ" ಎಂದವರು ಆ ಸೀರೆಯನ್ನು ಮತ್ತೆ ಕೈಬಿಡಲೇ ಇಲ್ಲ. ವ್ಯಾಪಾರಿಯ ಸೀರೆಯಲ್ಲೂ ತಪ್ಪೇನಿರಲಿಲ್ಲ ಎಂದು ನಾನು ಹೇಳಲೇಬೇಕು. ಅದು ವಿದ್ಯುತ್ ಮಗ್ಗದ, ಕೈಗೆಟುಕುವ ಬಟ್ಟೆ, ಬೇಕಾದಷ್ಟು ಮನೆಗಳ ಮೈ ಮುಚ್ಚುವ ಬಟ್ಟೆ. ಅದನ್ನು ಮೆಚ್ಚಿದ್ದು ನನ್ನ ತಪ್ಪಲ್ಲ. ಅದರ ಅಳತೆಗೋಲಿನಿಂದ ಇದನ್ನು ಅಳೆದದ್ದು ತಪ್ಪು.

ಸೀರೆ ಬಿಡಿಸಿ ತೋರಿಸಲು ಇಬ್ಬರು ಬೇಕಲ್ಲ. ಸಂಗಪ್ಪ ಒಂದು ತುದಿ ಹಿಡಿದಿದ್ದರೆ ಇನ್ನೊಂದು ತುದಿಯನ್ನು, ಪರೇಲಿನಿಂದ ಅಣ್ಣನನ್ನು ನೋಡಲು ಬಂದಿದ್ದ ಬಸವರಾಜ ಹಿಡಿದಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಗಿರಣಿಯ ಹಳೆಯ ಪಾಸು. ಮೊದಮೊದಲು ಗೋಡೆ ನೋಡಿಕೊಂಡು ನಿಂತಿದ್ದ. ಮಹಿಳೆಯರು ತನ್ನ ಕೈಯಲ್ಲಿದ್ದ ತುದಿಗೂ ಬಂದು ಬಂದು ಮುಟ್ಟಿ, ಇದು ಹೇಗೆ, ಅದು ಹೇಗೆ ಎಂದು ಕೇಳತೊಡಗಿದಾಗ ಅವನ ಬಾಯಿಯೂ ತೆರೆಯಿತು. ಅವನು ಹೇಳಿದ್ದೆಲ್ಲ ಸರಿಯಾಗಿತ್ತು; ಹುಡುಗನಾಗಿದ್ದಾಗ ಅಪ್ಪನ ಪಕ್ಕ ಕೂತು ಕಲಿತದ್ದು ಮರೆತಿರಲಿಲ್ಲ. ಹತ್ತು ಸೀರೆಗಳೂ ಅಲ್ಲೇ ಖರ್ಚಾದವು. ಹಬ್ಬಕ್ಕೆ ವ್ಯಾಪಾರಿಯದೇ ಇರಲಿ, ಸ್ವಂತಕ್ಕೆ ಇದೊಂದು ಬೇಕು ಎಂದು ಸಿಗದವರು ಹೆಸರು ಬರೆಸಿದರು. ಬರೆಸುವಾಗ ಅವರು ಹಾಕಿದ ಷರತ್ತೆಂದರೆ, ಕೆಂಪು ಚೀಟಿಯೂ ಇರಬೇಕು, ಇಲ್ಲದಿದ್ದರೆ ಅಸಲಿ ಎಂದು ಅಕ್ಕಪಕ್ಕದವರಿಗೆ ನಂಬಿಸುವುದು ಹೇಗೆ ಎಂಬುದು. ಹಾಲಿನ ಬಾಗಿಲು ಹಾಕುವಾಗ ಹೆಸರುಗಳ ಹಾಳೆಯನ್ನು ಸಂಗಪ್ಪ ತಮ್ಮನ ಕೈಗೆ ಕೊಟ್ಟ. ಬಸವರಾಜ ಅದನ್ನು ಎರಡು ಸಲ ಓದಿ, ಮಡಿಚಿ, ಗಿರಣಿಯ ಪಾಸಿದ್ದ ಜೇಬಿನಲ್ಲೇ ಇಟ್ಟುಕೊಂಡು, "ಅಣ್ಣಾ, ಕುಣಿ ಎಲ್ಲಿ ತೋಡೂದು? ಪಡಸಾಲ್ಯಾಗ ಜಾಗಾ ಐತೇನು?" ಎಂದು ಕೇಳಿದ. 

ಬೇಸಾಯ ಬಿಟ್ಟರೆ ನಮ್ಮ ದೇಶದಲ್ಲಿ ಅತಿ ಹೆಚ್ಚು ಜನಕ್ಕೆ ಅನ್ನ ಕೊಡುವುದು ಕೈಮಗ್ಗ ಎಂಬ ಮಾತನ್ನು ನಾನು ಭಾಷಣಗಳಲ್ಲಿ ಎಷ್ಟೋ ಸಲ ಕೇಳಿ, ಅಷ್ಟೇ ಸಲ ಆಕಳಿಸಿದ್ದೇನೆ. ಅದರ ಅರ್ಥ ನನಗಾದದ್ದು ಸಂಗಪ್ಪ ಆಮೇಲಾಮೇಲೆ ಬರೆದ ಪತ್ರಗಳಿಂದ. ಗಿರಣಿಯಲ್ಲಿ ಅವನೊಬ್ಬ ನಾಲ್ಕಾರು ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದನಂತೆ. ಊರಿನಲ್ಲಿ ಒಂದು ಮಗ್ಗವನ್ನು ನೋಡಿಕೊಳ್ಳಲು ನಾಲ್ಕಾರು ಮಂದಿ ಬೇಕು. ನೂಲಿಗೆ ಬಣ್ಣ ಹಾಕುವವರು ಬೇಕು, ಓಣಿಯ ಉದ್ದಕ್ಕೆ ಹಾಸು ಚಾಚಿ ಗಂಜಿ ಸವರುವವರು ಬೇಕು, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ಮನೆಯಾಕೆ, ಕೊಂಡಿ ಹಾಕಲು ಅತ್ತೆ. ಲಾಳಿ ಸವೆದರೆ ಬಡಗಿಗೆ ಕೆಲಸ. ಓಣಿಯಲ್ಲಿ ಅಷ್ಟು ಜನ ಬೆಳಿಗ್ಗೆ ಎದ್ದು ಕೆಲಸಕ್ಕೆ ಕೂತರೆ ಮೂಲೆಯಲ್ಲಿ ಒಬ್ಬ ಚಹಾದ ಅಂಗಡಿ ಇಟ್ಟ. ಎಂಟು ಮಗ್ಗ ಹನ್ನೆರಡಾಗಿ, ಈಗ ತೊಂಬತ್ತರ ಹೊಸ್ತಿಲು ದಾಟಿದ ಮೇಲೆ, ಪಕ್ಕದ ಓಣಿಯೂ ಸೇರಿ ಇಪ್ಪತ್ತಕ್ಕೂ ಮೀರಿವೆಯಂತೆ. ಮುಂಬಯಿಯಲ್ಲಿ ಪರೇಲಿನ ಮೂಲಕ ಹಾದುಹೋಗುವಾಗ ಹೊಗೆಯಿಲ್ಲದ ಆ ಉದ್ದನೆಯ ಚಿಮಣಿಗಳನ್ನು ನೋಡುತ್ತೇನೆ. ಅಷ್ಟು ಎತ್ತರದ ಚಿಮಣಿಗಳು ಕೈಬಿಟ್ಟವನನ್ನು ಮೊಣಕಾಲಷ್ಟು ಆಳದ ಒಂದು ಗುಂಡಿ ಹಿಡಿದುಕೊಂಡಿತಲ್ಲ ಎಂದು ಪ್ರತಿಸಲವೂ ಬೆರಗಾಗುತ್ತದೆ. ಈ ಮಾತನ್ನು ಒಂದು ಸಲ ಕ್ಯಾಂಟೀನಿನಲ್ಲಿ ಭಾವುಕನಾಗಿ ಹೇಳಿದಾಗ ನನ್ನ ಸಹೋದ್ಯೋಗಿಗಳು ನನಗೆ ಜ್ವರ ಬಂದಿದೆಯೇ ಎಂದು ವಿಚಾರಿಸಿದರು.

ಅದೆಲ್ಲ ಇರಲಿ. ಆ ಸಂಜೆ ಕಳೆದು ನಾಲ್ಕು ತಿಂಗಳಿಗೆ ನಮ್ಮ ಮನೆಗೊಂದು ಪಾರ್ಸೆಲ್ ಬಂತು. ಒಳಗೆ ದಾಳಿಂಬೆ ಕೆಂಪಿನ ಸೆರಗಿನ, ಕಪ್ಪು ಒಡಲಿನ ಒಂದು ಸೀರೆ. ಅಂಚಿಗೆ ದಾರದಿಂದ ಕಟ್ಟಿದ ಕೆಂಪು ಚೀಟಿ. ಯಾವುದೋ ಮದುವೆಯ ಕರೆಯೋಲೆಯ ರಟ್ಟನ್ನು ಕತ್ತರಿಸಿ ಮಾಡಿದ್ದು. ಅದರ ಮೇಲೆ ನನ್ನ ಚೀಟಿಗಳ ಕ್ರಮವನ್ನೇ ಅನುಸರಿಸಿ, ಒತ್ತಿ ಒತ್ತಿ ಬರೆದ ಅಕ್ಷರಗಳಲ್ಲಿ ಹೀಗಿತ್ತು: ಅಂಚಿನ ತೂತು, ಅದಾವ. ಅಗಲ, ಒಂದೀಟು ಹೆಚ್ಚುಕಡಿಮಿ ಐತಿ. ಸೆರಗು, ಅವ್ವ ಕೂಡಿಸ್ಯಾಳ. ಕೆಳಗೆ ಸಹಿಯಿರಬೇಕಾದಲ್ಲಿ, ಬಸವರಾಜ, ಎಂಟನೇ ಮಗ್ಗ.

ವಿಮಲೆ ಅದನ್ನು ಅಂದೇ ಉಡಲಿಲ್ಲ. ಬಿಡಿಸಿ ನೋಡಿ ಮತ್ತೆ ಮಡಿಸಿಡೋಣವೆಂದಳು. ಎಂದಿನಂತೆ ಸೆರಗು ಅವಳ ಕೈಯಲ್ಲಿ, ಒಳತುದಿ ನನ್ನ ಕೈಯಲ್ಲಿ, ಬೆನ್ನಿಗೆ ಗ್ಯಾಲರಿಯ ಕಂಬಿ. ರೂಢಿಯಂತೆ ಹೆಬ್ಬೆರಳು ಅಂಚಿನ ಮೇಲೆ ಹೋಯಿತು. ತೂತುಗಳಿದ್ದವು, ಆದರೆ ಅವುಗಳ ನಡುವಿನ ಅಂತರ ಅಡ್ಡಾದಿಡ್ಡಿಯಾಗಿತ್ತು. ಒಂದು ಕಡೆ ಅರ್ಧ ಬೆರಳಿಗೇ ಕೈ ನಿಂತಿದೆ, ಮುಂದೆ ಮೂರು ಬೆರಳು ಓಡಿದೆ, ಮತ್ತೆ ಮುಗ್ಗರಿಸಿ ನಿಂತಿದೆ. ಹನ್ನೆರಡು ವರ್ಷ ಯಂತ್ರದ ಮುಂದೆ ನಿಂತ ಕೈ, ಅನಂತರ ಮೂರು ವರ್ಷ ಬೀಗ ಹಾಕಿದ ಗೇಟಿನ ಮುಂದೆ ಸುಮ್ಮನೆ ಇಳಿಬಿಟ್ಟ ಕೈ ಅದು. ನಾನು ನಿಂತಲ್ಲಿ ನಿಲ್ಲಲಾರದೆ ಅಂಚನ್ನು ಬೆರಳಿನಲ್ಲಿ ಹಿಡಿದುಕೊಂಡೇ ಹೊಸಿಲು ದಾಟಿ ಒಳಗೆ ನಡೆದೆ. ಕೋಣೆಯ ನಡುವಿಗೆ ಬರುವಷ್ಟರಲ್ಲಿ ಮುಗ್ಗರಿಸುವುದು ಕಡಿಮೆಯಾಗಿತ್ತು. ಮಂಚ ದಾಟಿದ ಮೇಲೆ ಎರಡು ಬೆರಳಿಗೊಂದು, ಎರಡು ಬೆರಳಿಗೊಂದು. ಅಡುಗೆಮನೆಯ ಬಾಗಿಲಿಗೆ, ಅವ್ವ ಕೂಡಿಸಿದ ಕೊಂಡಿಯ ಏಣನ್ನು ತಲುಪುವ ಹೊತ್ತಿಗೆ ಆ ಕೈ ಅಣ್ಣನ ಕೈಯಷ್ಟೇ ನಿಶ್ಚಿಂತೆ ಪಡೆದಿತ್ತು.

"ಏನಾದ್ರೂ ತಪ್ಪಿದೆಯಾ?" ಎಂದು ಕೇಳಿದಳು ವಿಮಲೆ. ನಾನು ಅವಳ ಹೆಬ್ಬೆರಳನ್ನು ಹಿಡಿದು ಅಂಚಿನ ಮೇಲಿಟ್ಟೆ. ಅವಳು ಒಮ್ಮೆ ಆ ಉದ್ದಕ್ಕೂ ನಡೆದು, ಗ್ಯಾಲರಿಯ ತನಕ ಹೋಗಿ, ನೆಲಕ್ಕೆ ಬಿದ್ದಿದ್ದ ಒಳತುದಿಯನ್ನು ಎತ್ತಿಕೊಂಡಳು. ಹಾಲಿನವನು ಅದೇ ಹೊತ್ತಿಗೆ ಬಂದು, ತಲೆ ಬಾಗಿಸಿ, ಸೀರೆಯ ಕೆಳಗೆ ನುಸುಳಿ ಮುಂದೆ ಹೋದ.

"ನೀವು ಸೆರಗು ಹಿಡ್ಕೊಳ್ಳಿ" ಎಂದಳು ಅವಳು, ಕಂಬಿಗೆ ಬೆನ್ನು ತಾಗಿಸಿ ನಿಂತು.